ಚರಗಕ್ಕೆ ಹೊರಟ ಎಸ್‌ಯುವಿ

ಕಾಂಪ್ಯಾಕ್ಟ್ ಎಸ್‌ಯುವಿ ಎಂದರೆ ಕಾರಿಗಿಂತ ಒಂದು ಗೇಣು ಎತ್ತರ, ಜೀಪಿಗಿಂತ ಎರಡು ಗೇಣು ಗಿಡ್ಡ. ನನ್ನ ಮಟ್ಟಿಗೆ ಆ ವಾಹನದ ವರ್ಣನೆ ಇಷ್ಟಕ್ಕೇ ಮುಗಿಯಿತು. ಮಾರುವವರಿಗೆ ಮುಗಿಯುವುದಿಲ್ಲ. ತಮ್ಮನ ಜೊತೆ ವಿಜಯಪುರದ ಶೋರೂಮೊಂದಕ್ಕೆ ಹೋದಾಗ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಿದ್ದವು: ‘ರಸ್ತೆ ಮುಗಿದಲ್ಲಿ ನಿಮ್ಮ ಸಾಮ್ರಾಜ್ಯ ಆರಂಭ!’ ಕೆಳಗೆ ಹಿಮದ ಬೆಟ್ಟದ ತುದಿಯಲ್ಲಿ ಗಾಡಿ ಒಂದು ಗಾಲಿ ಎತ್ತಿ ನಿಂತ ಚಿತ್ರ. ಹಾಗೆ ಒಂದು ಕಾಲೆತ್ತಿ ನಿಲ್ಲುವ ಪ್ರಾಣಿಯನ್ನು ನಮ್ಮ ಓಣಿಯ ಲೈಟಿನ ಕಂಬಗಳು ದಿನವೂ ಕಾಣುತ್ತವೆ. ಸಾಮ್ರಾಟರ ಸಂಗತಿ ನನಗೆ ತಿಳಿಯದು.

ತಮ್ಮನಿಗೆ ಗಾಡಿ ಬೇಕಾದದ್ದು ನಮ್ಮ ಅಕ್ಕನ ಸಲುವಾಗಿ. ಮೊಣಕಾಲು ಹಿಡಿದು ಅವಳು ನಗರದಲ್ಲಿ ಅವನ ಮನೆಯಲ್ಲೇ ಇದ್ದಾಳೆ. ಎಳ್ಳ ಅಮಾವಾಸ್ಯೆಯ ದಿನ ನಿಡೋಣಿಯ ತನ್ನ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಅವಳಿಗೆ ಎಲ್ಲ ಹಬ್ಬಗಳಿಗಿಂತ ದೊಡ್ಡದು. ಬೆಳೆ ಹೊತ್ತ ಭೂಮಿತಾಯಿಗೆ, ಬಸುರಿಗೆ ಬಯಕೆಯೂಟ ಇಟ್ಟಂತೆ, ಮಾಡಿದ ಅಡುಗೆಯಲ್ಲೆಲ್ಲ ಒಂದಿಷ್ಟು ಹೊಲಕ್ಕೆ ಬೀರಿ ಬರಬೇಕು. ಟ್ರ್ಯಾಕ್ಟರ್ ಹತ್ತಲಾಗದೆ ಕೆಲವು ವರ್ಷಗಳಿಂದ ಅದು ತಪ್ಪಿತ್ತು. ‘ಈ ಸಲ ನನ್ನ ಹೊಲಾ ಮುಟ್ಟಸ್ರೋ. ಮುಂದಿಂದು ನಾ ಕೇಳಾಂಗಿಲ್ಲ’ ಎಂದಿದ್ದಳು.

‘ಇದರ ಡಿಎನ್‌ಎದಾಗ ಸಾಹಸ ಐತ್ರಿ ಕಾಕಾ,’ ಎಂದ ಟೈ ಕಟ್ಟಿದ ಮಾರಾಟಗಾರ.

‘ಟಾಕಿಯಾಗ ಏನೈತಿ? ಡೀಸೆಲ್ಲೋ ಪೆಟ್ರೋಲೋ?’

‘ಪೆಟ್ರೋಲ್ ರೀ. ಆದ್ರ ನೀವು ಗಾಡಿ ಒಯ್ಯಾಕತ್ತಿಲ್ರಿ, ಒಂದು ಅನುಭವ ಒಯ್ಯಾಕತ್ತೀರಿ. ತಿಕೋಟಾದ ದ್ರಾಕ್ಷಿ ತೋಟದವರು ಮೊನ್ನೆ ಎರಡು ಒಯ್ದ್ರು.’

‘ಎರಡು ಅನುಭವ?’

‘ಅಣ್ಣಾ, ನೀ ಒಂದೀಟು ಸುಮ್ನಿರು,’ ಎಂದ ತಮ್ಮ.

ಸ್ಟೇಷನ್ ರಸ್ತೆಯಲ್ಲಿ ಪೈಪಿನ ಅಂಗಡಿ ಇಟ್ಟವನು ಅವನು. ಕಂಪನಿಯವರ ಮಾತು ನಂಬದೆ, ಪ್ರತಿ ಪೈಪನ್ನೂ ಬಡಿದು, ಬಗ್ಗಿಸಿ ನೋಡುವ ಮನುಷ್ಯ. ಅಂಥವನು ಗೇರಿನ ಪಕ್ಕದಲ್ಲಿ, ನೆಲಕ್ಕೆ ತಕ್ಕಂತೆ ಗಾಡಿಯನ್ನು ಹೊಂದಿಸುವ ಗುಂಡು ತಿರುಪನ್ನು, ಅದರ ಸುತ್ತ ಬರೆದ ‘ಹಿಮ, ಮರಳು, ಕೆಸರು’ ಎಂಬ ಮೂರು ಮಾತುಗಳನ್ನು ಪ್ರಸಾದದಂತೆ ಸ್ವೀಕರಿಸಿದ. ವಿಜಯಪುರದಲ್ಲಿ ಹಿಮ! ನಮ್ಮಲ್ಲಿ ಐಸ್‌ಕ್ಯಾಂಡಿ ಕೈಯಿಂದ ಬಾಯಿಗೆ ಬರುವಷ್ಟರಲ್ಲಿ ಅರ್ಧ ಮೊಣಕೈಗೆ ಇಳಿದಿರುತ್ತದೆ.

ಗಾಡಿ ಕೊಡುವ ದಿನ ಅದಕ್ಕೆ ಮದುಮಗಳಂತೆ ಮುಸುಕು ಹಾಕಿದ್ದರು. ಕೇಕು ಕತ್ತರಿಸಿ, ಬಾಗಿಲಷ್ಟು ದೊಡ್ಡ ರಟ್ಟಿನ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು, ‘ಯೋಧರ ಬಳಗಕ್ಕೆ ಸುಸ್ವಾಗತ’ ಎಂದು ಚಪ್ಪಾಳೆ ಹೊಡೆದರು. ಜಗಳ ಕಂಡರೆ ಅಂಗಡಿಯ ಶಟರ್ ಎಳೆಯುವ ನನ್ನ ತಮ್ಮ ಯೋಧನಾಗಿ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡ. ನನಗೆ ಬಂದದ್ದು ನಗೆಯಲ್ಲ, ಹೇಸಿಗೆ. ಸುಳ್ಳಿಗೂ ಒಂದು ಮಾನ ಮರ್ಯಾದೆ ಇರುತ್ತದೆ. ಹೇಳುವವನಿಗೆ ಅದು ಸುಳ್ಳೆಂದು ಗೊತ್ತಿರಬೇಕು. ಇವರಿಗೆ ಅದೂ ಗೊತ್ತಿದ್ದಂತಿರಲಿಲ್ಲ.

ಅಮಾವಾಸ್ಯೆಯ ದಿನ ಅಕ್ಕ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚರಗದ ಅಡುಗೆಯ ಬುಟ್ಟಿ. ಬಬಲೇಶ್ವರ ದಾಟಿದ ಮೇಲೆ ಅವಳ ಕಣ್ಣು ಬರೀ ಬಿಳಿಜೋಳದ ಕಡೆ ಇತ್ತು. ಡಾಂಬರು ಬಿಟ್ಟು ಬಂಡಿದಾರಿ ಹಿಡಿದೆವು. ಹೊಲ ಇನ್ನೇನು ಬಂದೇ ಬಿಟ್ಟಿತ್ತು. ಅಲ್ಲಿ ಯಾರೋ ಕಬ್ಬಿಗೆ ಬಿಟ್ಟ ನೀರು ದಾರಿಗೆ ಹರಿದಿತ್ತು. ಎರೆಮಣ್ಣು, ನೀರು ಕುಡಿದರೆ ಅಂಟಾಗುವ ಕರಿಮಣ್ಣು.

‘ಇಳದ್ ನೋಡೋ,’ ಎಂದೆ.

‘ಕೆಸರಿನ ಮೋಡ್ ಐತಿ,’ ಎಂದು ತಮ್ಮ ತಿರುಪು ತಿರುಗಿಸಿದ. ಎರೆಮಣ್ಣಲ್ಲೇ ಆಡಿ ಬೆಳೆದವನು! ಪರದೆಯ ಮೇಲೆ ಕೆಸರಿನ ಅಂದವಾದ ಚಿತ್ರ ಮೂಡಿತು. ಅಷ್ಟರಲ್ಲಿ ಗಾಡಿ ಚಿತ್ರವಲ್ಲದ ಕೆಸರಿಗೆ ಇಳಿದಿತ್ತು. ಗಾಲಿ ತಿರುಗಿದಷ್ಟೂ ಹೂತವು.

ಪಕ್ಕದ ಹೊಲದ ಸಾಬರು ಮಗನೊಂದಿಗೆ ಬಂದರು. ಮೊದಲೆಲ್ಲ ಪ್ರತಿ ವರ್ಷ ನಮ್ಮ ಚರಗದ ಊಟಕ್ಕೆ ಕೂಡುತ್ತಿದ್ದವರು. ಗಾಡಿಯ ಸುತ್ತ ಒಮ್ಮೆ ಬಂದು ಕೇಳಿದರು: ‘ನಾಕೂ ಗಾಲಿ ಎಳಿತಾವೇನ್ರಿ?’

‘ಮುಂದಿನ ಎರಡ,’ ಎಂದ ತಮ್ಮ, ಮೆಲ್ಲಗೆ.

‘ಮತ್ತ ಹಿಂದಿನವು ಊಟಕ್ಕ ಬಂದಾವೇನು?’

ಒಳಗಿಂದ ಅಕ್ಕ ಗದರಿದಳು: ‘ಯಾರರ ನನ್ನ ಇಳಸ್ತೀರೋ, ಗಾಡಿ ಚಂದ ನೋಡ್ಕೋತ ನಿಂದರ್ತೀರೋ? ಹೊತ್ತು ಏರಾಕತ್ತೈತಿ.’

ಇಳಿಸಿದರೂ ಆ ಕೆಸರಲ್ಲಿ ಅವಳು ಹೆಜ್ಜೆ ಇಡುವಂತಿರಲಿಲ್ಲ. ಸಾಬರು ತಮ್ಮ ಪಂಪ್‌ಸೆಟ್ಟಿನ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಬುಟ್ಟಿ ಸಮೇತ ಅಕ್ಕನನ್ನು ಕೂರಿಸಿ, ಕುರ್ಚಿಯ ಒಂದೊಂದು ಕಾಲಿಗೆ ಒಬ್ಬೊಬ್ಬರು ಕೈಹಚ್ಚಿ ಎತ್ತಿದೆವು. ತಮ್ಮನ ಹೊಸ ಬೂಟು ಕೆಸರಲ್ಲೇ ಉಳಿದವು. ಬದು ದಾಟಿ ಅವಳ ಜೋಳದಲ್ಲಿ ಕುರ್ಚಿ ಇಳಿಸಿದೆವು. ಕೂತಲ್ಲಿಂದಲೇ ಕೈ ಎಟುಕಿದಷ್ಟು ದೂರಕ್ಕೆ ಚರಗ ಚೆಲ್ಲಿದಳು. ‘ತಡಾ ಆತವ್ವಾ,’ ಎಂದು ಮಣ್ಣಿಗೆ ಹೇಳಿದಳು.

ಆಮೇಲೆ ಕುರ್ಚಿಯ ಕೈ ಸವರಿ ತಮ್ಮನ ಮುಖ ನೋಡಿದಳು. ‘ಇಷ್ಟ ಸಾಕಾಗಿದ್ರ ಹ್ವಾದ ವರ್ಷನ ಬರ್ತಿದ್ನೆಲ್ಲೋ!’

ಅವನು ದೂರದಲ್ಲಿ ದೀಪ ಮಿಣುಕಿಸುತ್ತ ನಿಂತ ಗಾಡಿಯ ಕಡೆಗೆ ನೋಡುತ್ತಿದ್ದ.

‘ಅಲ್ಲೇನ್ ನೋಡ್ತಿ? ಕೈ ತೊಳ್ಕೊಂಡು ಬಾ. ಕಡಬು ಆರಾಕತ್ತಾವ.’