ಪರೀಕ್ಷೆಗೆ ಹೋಗದ ಗಡ್ಡೆ

ನನ್ನ ದೊಡ್ಡಮ್ಮ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಕಾಲಲ್ಲಿ ತುಳಿಯುವ ಮೆಷಿನ್ನು. ಪಕ್ಕದಲ್ಲಿ ಕೂತು ನಾನು ಗುಂಡಿ ಹಾಕುತ್ತಿದ್ದೆ. ಹೋದ ವರ್ಷ ಅವಳು ಸ್ಟೂಲಿನ ಮೇಲೆ ಎರಡು ದಿಂಬು ಹಾಕಿಕೊಂಡು, ಒಂದೇ ಪಕ್ಕಕ್ಕೆ ವಾಲಿ ಕೂರತೊಡಗಿದಳು.

"ಏನಕ್ಕಾ, ಸಿಂಹಾಸನ ಜೋರಾಗಿದೆ!" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

"ಹೂಂ, ಕಿರೀಟಕ್ಕೂ ಅಳತೆ ಕೊಟ್ಟಿದ್ದೀನಿ."

ನಿಜ ಗೊತ್ತಿದ್ದದ್ದು ದೊಡ್ಡಪ್ಪನಿಗೆ ಮತ್ತು ನನಗೆ ಮಾತ್ರ. ಯೋನಿಯ ಹೊರತುಟಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ನಾಲ್ಕು ವರ್ಷದ ಹಿಂದೆ ನೀರುಗುಳ್ಳೆಯೆಂದು ತೆಗೆದಿದ್ದರು. ಅದೇ ಜಾಗದಲ್ಲಿ ಮತ್ತೆ ಬಂದಿತ್ತು. ಕ್ಯಾನ್ಸರೇ ಇರಬೇಕೆಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೊಸ ಡಾಕ್ಟರಮ್ಮ ನಿಧಾನವಾಗಿ ಪರೀಕ್ಷಿಸಿ, ನಮ್ಮನ್ನೂ ಒಳಗೆ ಕರೆದು, ಹಳೆಯ ಗಡ್ಡೆಯ ಲ್ಯಾಬ್ ರಿಪೋರ್ಟ್ ಕೇಳಿದರು.

"ಏನೂ ಇಲ್ಲ ಅಂತ ಬಂತಂತೆ. ಗಡ್ಡೆ ಹಾಕಿಕೊಟ್ಟ ಬಾಟಲಿ ಲ್ಯಾಬಿಗೆ ತಗೊಂಡು ಹೋಗಿದ್ದು ಇವರೇ," ಎಂದಳು ದೊಡ್ಡಮ್ಮ.

ದೊಡ್ಡಪ್ಪ ನೆಲ ನೋಡಿದರು. "ಕೊಡಲಿಲ್ಲ ಕಣೇ. ಕೌಂಟರಿನವನು, ಯಾವ ಜಾಗದ್ದು ಅಂತ ಕೂಗಿ ಕೇಳಿದ. ಹಿಂದೆ ಹತ್ತು ಜನ ನಿಂತಿದ್ರು. ನನಗೆ ನಾಲಿಗೆ ಏಳಲಿಲ್ಲ. ಬರ್ತಾ ಮೋರಿಗೆ ಹಾಕ್ಬಿಟ್ಟೆ."

ದೊಡ್ಡಮ್ಮ ಡಾಕ್ಟರಮ್ಮನ ಕಡೆ ತಿರುಗಿ, ಈಗೇನು ಮಾಡಬೇಕು ಎಂದು ಕೇಳಿದಳು.

ಸ್ಕ್ಯಾನ್ ಆಯಿತು. ಗಡ್ಡೆಯಿಂದ ಚೂರು ತೆಗೆದು ಆಸ್ಪತ್ರೆಯವರೇ ಲ್ಯಾಬಿಗೆ ಕಳಿಸಿದರು. ಹತ್ತು ದಿನದ ನಂತರ ಡಾಕ್ಟರಮ್ಮ ಹೇಳಿದರು: "ಕ್ಯಾನ್ಸರ್ ಅಲ್ಲಮ್ಮ. ಆದ್ರೆ ಇದು ಅಪರೂಪದ ಗಡ್ಡೆ, ತೆಗೆದ್ರೂ ಅಲ್ಲೇ ಮತ್ತೆ ಬರತ್ತೆ. ಹೊರಗೆ ಕಾಣೋದು ಸ್ವಲ್ಪ. ಒಳಗೆ ಮೂತ್ರಚೀಲದ ಪಕ್ಕದವರೆಗೂ ಹೋಗಿದೆ."

"ಆಗಲೇ ಗೊತ್ತಾಗಿದ್ರೆ?" ಎಂದಳು ದೊಡ್ಡಮ್ಮ.

ಡಾಕ್ಟರಮ್ಮ ದೊಡ್ಡಪ್ಪನ ಕಡೆ ನೋಡಲಿಲ್ಲ. "ವರ್ಷ ವರ್ಷ ಸ್ಕ್ಯಾನ್ ಮಾಡಿಸ್ತಿದ್ವಿ. ಚಿಕ್ಕದಿದ್ದಾಗಲೇ ಸಿಕ್ತಿತ್ತೇನೋ."

ಆಪರೇಷನ್‌ನಲ್ಲಿ ಪೂರ್ತಿ ತೆಗೆಯಲು ಆಗಲಿಲ್ಲ. ಮೂತ್ರಚೀಲಕ್ಕೆ ಅಂಟಿದ್ದನ್ನು ಬಿಟ್ಟರು. ಅದು ಬೆಳೆಯದಿರಲೆಂದು ತಿಂಗಳಿಗೊಂದು ಇಂಜೆಕ್ಷನ್, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಎಷ್ಟು ವರ್ಷ ಎಂದು ಕೇಳಿದರೆ, ಇರುವವರೆಗೂ ನೋಡಿಕೊಳ್ಳುತ್ತಿರಬೇಕು ಎಂದರು. ದೊಡ್ಡಮ್ಮ ಈಗ ಮೆಷಿನ್ ಮುಂದೆ ಕೂರಲಾರಳು. ನಿಂತುಕೊಂಡು ಬಟ್ಟೆ ಕತ್ತರಿಸುತ್ತಾಳೆ, ಹೊಲಿಗೆ ನನ್ನದು.

ಮೊನ್ನೆ ಬಿಸಿನೀರಿನ ಬಕೆಟ್ ತಂದಿಟ್ಟ ದೊಡ್ಡಪ್ಪ ಅಲ್ಲೇ ನಿಂತರು.

"ಒಂದ್ಸಲ ಬೈದ್ಬಿಡೇ ನನ್ನ. ಹೀಗೆ ಸುಮ್ನಿದ್ರೆ ಆಗಲ್ಲ ನನಗೆ."

"ಬೈದ್ರೆ ಪಕ್ಕದ ಮನೆಯವಳಿಗೆ ಕೇಳಿಸತ್ತೆ. ಯಾಕೆ ಅಂತ ಕೇಳ್ತಾಳೆ. ಏನು ಹೇಳ್ಲಿ?" ಎಂದು ದೊಡ್ಡಮ್ಮ ಮೆಲ್ಲಗೆ ಹೇಳಿ, ಬಚ್ಚಲಿನ ಬಾಗಿಲು ಹಾಕಿಕೊಂಡಳು.