ಮುಡಿಯದ ಮಲ್ಲಿಗೆ

ಮೊನ್ನೆ ಮಧುಗಿರಿಯಿಂದ ಕೊರಟಗೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯ ಮಡಿಲಲ್ಲಿ ಕೂಸೊಂದು ಕಿರುಚತೊಡಗಿತು. ಅವಳ ರವಿಕೆಯಿಂದ ಒಸರಿದ ಹಾಲಿನ ಹುಳಿವಾಸನೆ ಮೂಗಿಗೆ ಬಂತು. ಬಸ್ಸಿನ ತುಂಬ ಸಲಹೆ ಕೊಡುವವರೇ. ನನಗೆ ಮಾತ್ರ ನಾಗವೇಣಿ ನೆನಪಾದಳು.

ಈಗ ನೋಡಿದರೆ ನೀವು ನನ್ನನ್ನು ಪಾಪದ ಹೆಂಗಸು ಅಂದುಕೊಳ್ಳುತ್ತೀರಿ. ಕೆಲವು ವರ್ಷಗಳ ಹಿಂದೆ ನಾನು ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ಯಾವ ಇಲಾಖೆ ಎಂದು ಕೇಳಬೇಡಿ, ಪಿಂಚಣಿ ಬರುತ್ತಿದೆ. ಕಡತ ಕಾಯುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಹಮ್ಮು ಬೇರೆ.

ನಾಗವೇಣಿ ನಮ್ಮ ಟೈಪಿಸ್ಟ್, ಪುರವರದವಳು. ಹೆರಿಗೆ ರಜೆ ಮುಗಿಸಿ ಬಂದಾಗ ಜೊತೆಗೆ ಅತ್ತೆಯೂ ಆರು ತಿಂಗಳ ಮಗಳೂ ಬಸ್ಸಿಳಿದರು. ಅತ್ತೆ ಕಚೇರಿಯೆದುರಿನ ಹೊಂಗೆಮರದ ಕೆಳಗೆ ಸಂಜೆತನಕ ಕೂಸನ್ನು ಆಡಿಸುತ್ತ ಕೂರುವುದು, ಇವಳು ನಡುನಡುವೆ ಓಡಿಹೋಗಿ ಶೌಚಾಲಯದ ಗೋಡೆಯ ಮರೆಯಲ್ಲಿ ಹಾಲು ಕೊಟ್ಟು ಬರುವುದು. ಅದೇ ಹೊತ್ತಿಗೆ, ಹಾಲುಣಿಸುವ ತಾಯಂದಿರಿಗೆ ಕೊಠಡಿ ಕೊಡಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಕೊಠಡಿ ಒದಗಿಸಲಾಗಿದೆ ಎಂದು ನಾನು ಉತ್ತರ ಬರೆದೆ. ಅದನ್ನು ಟೈಪು ಮಾಡಿದವಳೂ ನಾಗವೇಣಿಯೇ.

ಕಾಗದವನ್ನು ಸಹಿಗೆ ಇಟ್ಟು ಅವಳು ಮೆಲ್ಲಗೆ ಅಂದಳು: "ಮೇಡಂ, ಆ ರೂಮು ಯಾವುದು ಅಂತ ತೋರ್ಸಿದ್ರೆ ನಾನು ಅಲ್ಲೇ ಹೋಯ್ತೀನಿ."

ರೂಮೇನೋ ಇತ್ತು, ಒಳಗೆ ಹಳೆಯ ಕಡತಗಳು ತುಂಬಿದ್ದವು. ಆಡಿಟ್ ಮುಗಿಯಲಿ, ಆಮೇಲೆ ನೋಡೋಣ ಎಂದು ಸಹಿ ಹಾಕಿದೆ.

ಹದಿನೈದು ದಿನವಾದ ಮೇಲೆ ಅತ್ತೆಯೂ ಕೂಸೂ ಬರುವುದು ನಿಂತಿತು. ನಾಗವೇಣಿ ಸೀಟು ಬಿಟ್ಟು ಏಳದೆ ಕೆಲಸ ಮಾಡತೊಡಗಿದಳು, ಒಳಗೊಳಗೇ ಮೆಚ್ಚಿಕೊಂಡೆ. ಹತ್ತಿರ ಬಂದರೆ ಘಮ್ಮೆನ್ನುವ ಮಲ್ಲಿಗೆ, ತಲೆ ನೋಡಿದರೆ ಒಂದು ಎಸಳೂ ಇಲ್ಲ. ಹೂವನ್ನು ಎಲ್ಲಿ ಬಚ್ಚಿಟ್ಟಿದ್ದೀಯಮ್ಮ ಎಂದು ಎಲ್ಲರೆದುರು ಚುಡಾಯಿಸಿದೆ. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

ಕಚೇರಿ ಗುಡಿಸುವ ಗಂಗಮ್ಮ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಹಾಲು ಬತ್ಲಿ ಅಂತ ಎದೆಗೆ ಮಲ್ಲಿಗೆ ಕಟ್ಕಂಡವ್ಳೆ ಕಣಮ್ಮ. ಅಷ್ಟೂ ತಿಳೀಲಿಲ್ವಾ ನಿಮ್ಗೆ?"

ತಿಳಿಯದ್ದೇನಲ್ಲ. ನಮ್ಮಜ್ಜಿಯೂ ಹಾಗೆ ಹೂವು ಕಟ್ಟುತ್ತಿದ್ದಳು, ಕೂಸು ತೀರಿಹೋದ ಬಾಣಂತಿಯರಿಗೆ. ನಾಗವೇಣಿಯ ಮಗಳು ಪುರವರದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಳು.

ಮಾರನೆಯ ದಿನವೇ ಕಡತಗಳನ್ನು ಹೊರಹಾಕಿಸಿ, ಕುರ್ಚಿ ಇಡಿಸಿ, ಮನೆಯಿಂದ ತಂದ ಪರದೆ ಕಟ್ಟಿದೆ. ಒಟ್ಟು ಅರ್ಧ ದಿನದ ಕೆಲಸ. ಕರೆದು ತೋರಿಸಿದರೆ ನಾಗವೇಣಿ ಬಾಗಿಲಲ್ಲೇ ನಿಂತಳು. "ಚೆನ್ನಾಗೈತೆ ಮೇಡಂ. ಮುಂದೆ ಬರೋರಿಗೆ ಆಯ್ತದೆ. ನಂದು ಬತ್ತೋಯ್ತು." ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಬಸ್ಸಿನಲ್ಲಿ ಆ ಹುಡುಗಿಗೆ ಕಿಟಕಿಯ ಸೀಟು ಬಿಟ್ಟು, ಶಾಲು ಅಡ್ಡ ಹಿಡಿದು ಕೂತೆ. ಕೂಸು ತೆಪ್ಪಗಾಯಿತು.

"ಹೆತ್ತೋರು ನೀವು. ಕೇಳ್ದೇನೇ ತಿಳ್ಕಂಡ್ರಿ ಕಣಮ್ಮ," ಅಂದಳು.

"ಒಬ್ಳು ಕೇಳಿದ್ಲು," ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕೈ ನೋಯುತ್ತಿದ್ದರೂ ಕೊರಟಗೆರೆ ಬರುವ ತನಕ ನಾನು ಶಾಲು ಇಳಿಸಲಿಲ್ಲ.