ಪೆಟ್ಟಿಗೆಯೊಳಗಿನ ನನ್ನ ಧ್ವನಿ

ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಹೇಳಿಕೊಳ್ಳುವುದಕ್ಕೆ ರಿಸೆಪ್ಷನಿಸ್ಟ್. ಕನಕಪುರದಿಂದ ಬೆಳಗಿನ ಬಸ್ಸಿಗೆ ಬಂದು ಗಾಜಿನ ಬಾಗಿಲ ಪಕ್ಕದ ಮೇಜಿಗೆ ಕೂತರೆ ಸಂಜೆಯವರೆಗೂ ಹಲೋ ಹಲೋ. ಸಾಹೇಬರನ್ನು ಕೇಳಿದವರಿಗೆ ಸಾಹೇಬರ ಲೈನು, ಅಕೌಂಟ್ಸ್ ಕೇಳಿದವರಿಗೆ ಅಕೌಂಟ್ಸ್ ಲೈನು. ಅದೇನು ಘನಂದಾರಿ ಕೆಲಸವಲ್ಲ. ನನಗೆ ಪ್ರೀತಿ ಇದ್ದದ್ದು ಇನ್ನೊಂದು ಬಗೆಯ ಕರೆಗಳ ಮೇಲೆ.

ನಮ್ಮಲ್ಲಿ ಯಂತ್ರಗಳ ಹತ್ತಿರ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಲಾಕರಿಗೆ ಹಾಕಿ ಒಳಗೆ ಹೋಗಬೇಕು. ಹಾಗಾಗಿ ಮನೆಯಲ್ಲಿ ಏನೇ ತುರ್ತಾದರೂ ಹೆಂಗಸರು ನನ್ನ ಮೇಜಿಗೇ ಫೋನ್ ಮಾಡುತ್ತಾರೆ. ಮಾಡಿದವರು ಗಂಡನ ಹೆಸರು ಮಾತ್ರ ಬಾಯಿ ಬಿಡುವುದಿಲ್ಲ. ‘ನಮ್ಮನೆಯವರಿಗೆ ಒಸಿ ಹೇಳಿ’ ಅನ್ನುತ್ತಾರೆ, ಅಷ್ಟೇ. ಮೊದಮೊದಲು ನನಗೆ ರೇಗುತ್ತಿತ್ತು. ಕಾರ್ಖಾನೆ ತುಂಬ ಇರುವವರೆಲ್ಲ ಯಾರದೋ ಮನೆಯವರೇ, ನಾನು ಯಾರನ್ನಂತ ಹುಡುಕಲಿ? ಆಮೇಲೆ ಉಪಾಯ ಕಲಿತೆ. ಮಗುವಿಗೆ ಜ್ವರ ಬಿಟ್ಟಿತಾ, ಹಸು ಕರು ಹಾಕಿತಾ ಅಂತ ನಾಲ್ಕು ಮಾತು ಕೇಳಿದರೆ ಯಾರ ಹೆಂಡತಿ ಅಂತ ತಾನಾಗಿ ತಿಳಿಯುತ್ತಿತ್ತು. ಬರಬರುತ್ತ ‘ನಾನು ಕಣಕ್ಕ’ ಅಂದರೆ ಸಾಕು ಅನ್ನುವಷ್ಟು ಬಳಕೆಯಾಯಿತು. ದನಿ ಕೇಳಿಯೇ ಗುರುತು ಹಿಡಿಯುತ್ತೇನೆ ಅಂತ ನನಗೆ ಜಂಬ ಬೇರೆ.

ಹೋದ ವರ್ಷ ಹೊಸ ಫೋನ್ ಪೆಟ್ಟಿಗೆ ಬಂತು. ನಾನು ಊಟಕ್ಕೆ ಹೋದಾಗ, ಇಲ್ಲವೇ ಗೋಡೌನ್ ಕಡೆ ಕೆಲಸಕ್ಕೆ ಕರೆದಾಗ ಕರೆ ಬಂದರೆ ಅದೇ ಎತ್ತುತ್ತದೆ. ಸೇಲ್ಸ್‌ಗೆ ಒಂದು ಒತ್ತಿ, ಅಕೌಂಟ್ಸ್‌ಗೆ ಎರಡು ಒತ್ತಿ ಅನ್ನುತ್ತದೆ. ಏನೂ ಒತ್ತದಿದ್ದರೆ ಬೀಪ್ ಆದ ಮೇಲೆ ಮಾತಾಡಿ ಅನ್ನುತ್ತದೆ, ಮಾತಾಡಿದ್ದು ವಾಯ್ಸ್‌ಮೇಲ್‌ನಲ್ಲಿ ಉಳಿಯುತ್ತದೆ. ಕೂರಿಸಲು ಬಂದವರು ಕನ್ನಡದಲ್ಲಿ ಹೇಳುವುದಕ್ಕೆ ನನ್ನ ಧ್ವನಿಯನ್ನೇ ತುಂಬಿಸಿಕೊಂಡರು. ನನಗೆ ಬಹಳ ಖುಷಿಯಾಗಿತ್ತು. ಊಟದ ನಡುವೆ ಎದ್ದು ಓಡುವುದು ತಪ್ಪಿತು, ಜೊತೆಗೆ ನಾನಿಲ್ಲದಾಗಲೂ ನನ್ನ ಧ್ವನಿ ದುಡಿಯುತ್ತದಲ್ಲ.

ಒಂದು ಮಧ್ಯಾಹ್ನ ಗೋಡೌನಿನಿಂದ ಬಂದು ನೋಡಿದರೆ ಫೋನಿನ ಕೆಂಪು ದೀಪ ಮಿಣುಕುತ್ತಿತ್ತು. ಗುಂಡಿ ಒತ್ತಿದೆ. “ಅಕ್ಕ, ನಾನು ಕಣಕ್ಕ” ಅಂದಿತು ಒಂದು ಹೆಣ್ಣು ದನಿ. ಆಮೇಲೆ ಮೌನ. ನಾನು ಏನಾದರೂ ಕೇಳುತ್ತೇನೆ ಅಂತ ಕಾದಂತಿತ್ತು.

“ಹುಳ ಹಣ್ಣಾಗ್ಬುಟ್ಟವೆ. ಒಬ್ಳೇ ಇವ್ನಿ. ನಮ್ಮನೆಯವ್ರನ್ನ ಬಿರ್ನೆ ಕಳುಸ್ಬುಡಿ.” ಮತ್ತೆ ಮೌನ. “ಕೇಳುಸ್ತೈತಾ ಅಕ್ಕ?”

ರೇಷ್ಮೆ ಹುಳ ಹಣ್ಣಾಯಿತು ಅಂದರೆ ಗೂಡು ಕಟ್ಟುವುದಕ್ಕೆ ತಯಾರಾಯಿತು ಅಂತ. ಆಗಲೇ ಕೈಯಲ್ಲಿ ಆರಿಸಿ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು, ಅಷ್ಟು ದಿನ ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ್ದೆಲ್ಲ ದಂಡ.

ಎರಡನೇ ಸಂದೇಶವೂ ಅವಳದೇ. “ಅಕ್ಕ, ನೀವೇ ಮಾತಾಡಿದ್ರಿ, ಆಮ್ಯಾಕೆ ಸುಮ್ಕಾಗ್ಬುಟ್ರಿ. ನನ್ ಮ್ಯಾಲೆ ಏನಾರ ಬೇಜಾರಾ?”

ಪೆಟ್ಟಿಗೆಯಲ್ಲಿ ಬಿದ್ದಿದ್ದ ನಂಬರಿಗೆ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಹುಳದ ಮನೆಯಲ್ಲಿ ಎರಡೂ ಕೈ ತುಂಬ ಕೆಲಸವಿರುವವಳು ಹೇಗೆ ಎತ್ತಿಯಾಳು? ಇನ್ನೊಮ್ಮೆ ಸಂದೇಶ ಕೇಳಿದೆ, ಯಾರೆಂದು ಹೊಳೆಯಲಿಲ್ಲ. ಇಷ್ಟು ದಿನ ನಾನು ಹೆಂಗಸರನ್ನು ಗುರುತು ಹಿಡಿದದ್ದು ದನಿಯಿಂದಲ್ಲ, ಕೇಳಿ ಪಡೆದ ಉತ್ತರಗಳಿಂದ ಅನ್ನುವುದು ಆಗ ಅರ್ಥವಾಯಿತು.

ರೇಷ್ಮೆ ಸಾಕುವ ಮನೆಯವರು ಅಂದರೆ ಕೈಲಾಂಚದ ಕಡೆಯಿಂದ ಬರುವ ಇಬ್ಬರು. ಒಳಗೆ ಹೋಗಿ ವಿಚಾರಿಸಿದೆ. ಒಬ್ಬನ ಹುಳ ಇನ್ನೂ ಚಿಕ್ಕವಂತೆ. ಇನ್ನೊಬ್ಬ, ತಮ್ಮವು ಹಣ್ಣಾಗುವುದು ನಾಳಿದ್ದು, ಬೆಳಿಗ್ಗೆ ತಾನೇ ನೋಡಿ ಬಂದಿದ್ದೇನೆ ಅಂತ ನಕ್ಕು ಯಂತ್ರದ ಕಡೆ ತಿರುಗಿದ. ನಾನು ಬಿಡಲಿಲ್ಲ. ಇಬ್ಬರನ್ನೂ ಮೇಜಿನ ಹತ್ತಿರ ಎಳೆದುಕೊಂಡು ಬಂದು ಗುಂಡಿ ಒತ್ತಿದೆ. ‘ಅಕ್ಕ’ ಅನ್ನುವ ಒಂದೇ ಮಾತಿಗೆ, ನಕ್ಕವನ ಮುಖ ಸಪ್ಪಗಾಯಿತು.

“ನಮ್ಮವ್ಳೇ” ಅಂದ. ಗೇಟ್ ಪಾಸ್ ಬರೆಸಿಕೊಂಡು ಬೈಕ್ ಹತ್ತಿ ಹೊರಟೇಹೋದ.

ಮಾರನೇ ದಿನ ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಬಂದ. ಒಂದಷ್ಟು ಹುಳ ಸೊಪ್ಪಿನಲ್ಲೇ ಕಟ್ಟಿಕೊಂಡಿದ್ದವಂತೆ, ಹೆಚ್ಚಿನವು ಚಂದ್ರಿಕೆ ಸೇರಿದವಂತೆ. ನನಗೆ ಹೋದ ಜೀವ ಬಂತು. ಆದರೆ ಅವಳು ಮಾತ್ರ ಮತ್ತೆ ಫೋನ್ ಮಾಡಲಿಲ್ಲ. ಅದು ಮಿಷಿನ್ನು ಅಂತ ಗಂಡ ಎಷ್ಟು ಹೇಳಿದರೂ, ಮಿಷಿನ್ನು ಅಕ್ಕನ ಥರವೇ ಮಾತಾಡುತ್ತದಾ ಅಂತ ಅವನ ಬಾಯಿ ಮುಚ್ಚಿಸಿದಳಂತೆ. ಕರೆದವರಿಗೆ ನನ್ನದೇ ದನಿಯಲ್ಲಿ ಮಾತಾಡಿ ಆಮೇಲೆ ಮೂಗಿಯಾದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಅವಳ ಸಿಟ್ಟು ನನಗೆ ನ್ಯಾಯವಾಗಿಯೇ ಕಂಡಿತು.

ಸಾಹೇಬರಿಗೆ ಹೇಳಿ ನನ್ನ ಧ್ವನಿ ತೆಗೆಸಿದೆ. ಇಷ್ಟು ಚೆನ್ನಾಗಿದೆಯಲ್ಲ, ಯಾಕೆ ಅಂದರು. ಚೆನ್ನಾಗಿರುವುದೇ ತೊಂದರೆ ಅಂದೆ. ಈಗ ಅದರಲ್ಲಿ ಇರುವುದು ಯಾವ ಊರಿನವಳೋ, ಗಂಟಲಿನಲ್ಲಿ ನಗುವೇ ಇಲ್ಲದ ಒಂದು ಹೆಂಗಸಿನ ಧ್ವನಿ. ನನಗೆ ಅದನ್ನು ಕೇಳಿದರಾಗದು. ಹೆಂಗಸರು ಮಾತ್ರ ಅದಕ್ಕೆ ಊರು, ಮನೆ, ಯಾವ ಶಿಫ್ಟು ಎಲ್ಲ ಬಿಡಿಸಿ ಹೇಳುತ್ತಾರೆ. ಗಂಡನ ಹೆಸರೊಂದು ಬಿಟ್ಟು.

ಮುಂದಿನ ಬೆಳೆಯ ಹೊತ್ತಿಗೆ ಒಂದು ದಿನ ಊಟ ಮುಗಿಸಿ ಬಂದಾಗ ದೀಪ ಮಿಣುಕುತ್ತಿತ್ತು. ಈ ಸಲ ಮೊದಲ ಮಾತಿಗೇ ದನಿ ಗುರುತು ಸಿಕ್ಕಿತು. ಗುರುತು ಪರಿಚಯವಿಲ್ಲದವರ ಹತ್ತಿರ ಮಾತಾಡುವ ಹಾಗೆ ನಿಧಾನವಾಗಿ, ಮರ್ಯಾದೆಯಿಂದ ಹೇಳಿದ್ದಳು: “ಕೈಲಾಂಚದಿಂದ ಮಾತಾಡ್ತಿವ್ನಿ. ಹುಳ ಹಣ್ಣಾಗವೆ. ಅಲ್ಲಿ ಒಬ್ರು ಅಕ್ಕ ಅವ್ರೆ, ಅವ್ರಿಗೆ ಒಸಿ ಯೋಳ್ಬುಡಿ. ಮಿಕ್ಕಿದ್ದು ಅವ್ರು ನೋಡ್ಕತ್ತಾರೆ.”